ಒಲಿಂಪಿಕ್ಸ್ ವಾಚ್, ವಿಶ್ವಕಪ್ ವಾಚ್: ಮಾರುವಾಗ ಬೆಲೆ ಕಟ್ಟುವುದು ಹೇಗೆ?

ದೊಡ್ಡ ಕ್ರೀಡಾಕೂಟ ಹತ್ತಿರ ಬಂದರೆ ಸಾಕು, ಪರಿಚಯದವರ ಪ್ರಶ್ನೆ ಶುರು: "ಲಿಮಿಟೆಡ್ ಎಡಿಷನ್ ವಾಚ್ ಇದೆ, ಎಷ್ಟಕ್ಕೆ ಹೋಗುತ್ತೆ?" ಎಣಿಸಿ ಇಷ್ಟೇ ಅಂತ ಮಾಡಿದ ವಾಚುಗಳಲ್ಲಿ ಇದು ಎಷ್ಟನೆಯದು ಎಂದು ಹಿಂಬದಿಯಲ್ಲಿ ಕೆತ್ತಿದ ನಂಬರನ್ನೇ ಎಲ್ಲರೂ ಮೊದಲು ಓದುತ್ತಾರೆ. ನಾನು ಅದನ್ನು ಕೊನೆಗೆ ಕೇಳುತ್ತೇನೆ.

ಮೊದಲು ವಾಚಿನಿಂದ ಕ್ರೀಡಾಕೂಟದ ಲಾಂಛನವನ್ನು ಮನಸ್ಸಿನಲ್ಲೇ ಅಳಿಸಿಬಿಡಿ. ಅದೇ ಮಾಡೆಲ್‌ನ ಸಾದಾ ವಾಚ್ ಸೆಕೆಂಡ್ ಹ್ಯಾಂಡ್‌ನಲ್ಲಿ ಎಷ್ಟಕ್ಕೆ ಮಾರಾಟವಾಗುತ್ತಿದೆ ನೋಡಿ. ಲೆಕ್ಕ ಅಲ್ಲಿಂದ ಶುರುವಾಗಬೇಕು. ಸಾದಾ ಮಾಡೆಲನ್ನೇ ಯಾರೂ ಕೇಳದಿದ್ದರೆ ಲಾಂಛನ ಏನೂ ಮಾಡಲಾರದು.

ಟೋಕಿಯೊ ಒಲಿಂಪಿಕ್ಸ್‌ಗಾಗಿ ಒಮೆಗಾ ಕಂಪನಿ ತನ್ನ ಸ್ಪೀಡ್‌ಮಾಸ್ಟರ್ ಮಾಡೆಲನ್ನು ಐದು ಬಗೆಯಲ್ಲಿ ಮಾಡಿತು. ಒಂದೊಂದು ಬಗೆಯಲ್ಲೂ 2020 ವಾಚ್, ಮಾರಿದ್ದು ಜಪಾನಿನಲ್ಲಿ ಮಾತ್ರ. ಕೂಡಿಸಿದರೆ ಹತ್ತು ಸಾವಿರ ದಾಟುತ್ತದೆ. ಅಪರೂಪ ಅಂತ ಹೇಗೆ ಹೇಳುವುದು? ಆದರೂ ಕೇಳುವವರಿದ್ದಾರೆ. ಒಳಗಿರುವುದು ಕೈಯಲ್ಲಿ ಕೀ ಕೊಡುವ ಅಸಲಿ ಸ್ಪೀಡ್‌ಮಾಸ್ಟರ್. ಒಲಿಂಪಿಕ್ಸ್ ಗುರುತು ಇರುವುದು ಹಿಂಬದಿಯಲ್ಲಿ, ಹಾಗಾಗಿ ಕೂಟ ಮುಗಿದ ಮೇಲೂ ಸುಮ್ನೆ ಕಟ್ಟಿಕೊಂಡು ಓಡಾಡಬಹುದು.

ಈಗ 2018ರ ಫುಟ್‌ಬಾಲ್ ವಿಶ್ವಕಪ್‌ಗೆ ಹೂಬ್ಲೋ ಕಂಪನಿ ತಂದ 'ಬಿಗ್ ಬ್ಯಾಂಗ್ ರೆಫರಿ' ನೋಡಿ. ಮಾಡಿದ್ದು 2018 ವಾಚ್, ಅಂದರೆ ಹೆಚ್ಚುಕಮ್ಮಿ ಒಮೆಗಾದ ಒಂದು ಬಗೆಯಷ್ಟೇ. ಆದರೆ ಅದು ಸ್ಮಾರ್ಟ್‌ವಾಚ್. ಗೋಲು ಬಿದ್ದರೆ, ಕಾರ್ಡ್ ತೋರಿಸಿದರೆ ಮಣಿಕಟ್ಟಿನಲ್ಲೇ ಸುದ್ದಿ. ಬ್ಯಾಟರಿ ಸೊರಗುತ್ತದೆ, ಸಾಫ್ಟ್‌ವೇರ್ ಹಳೆಯದಾಗುತ್ತದೆ. ನಾನಾದರೆ ಇಂಥದ್ದಕ್ಕೆ ಮರುಮಾರಾಟದ ಆಸೆಯಿಂದ ದುಡ್ಡು ಹಾಕುವುದಿಲ್ಲ. 2018, 2020 ಎಂಬ ಸಂಖ್ಯೆಗಳೂ ಇಸವಿ ನೋಡಿ ಇಟ್ಟವು, ಗಿರಾಕಿಗಳನ್ನು ಎಣಿಸಿ ಇಟ್ಟವಲ್ಲ, ಅಲ್ವಾ?

ನಂಬರ್ 1 ಇದ್ದರೆ ಸ್ವಲ್ಪ ಜಾಸ್ತಿ ಸಿಗಬಹುದು. 1437ಕ್ಕೂ 1438ಕ್ಕೂ ವ್ಯತ್ಯಾಸವಿಲ್ಲ. 'ಸ್ಪೆಷಲ್ ಎಡಿಷನ್' ಅಂತ ಮಾತ್ರ ಬರೆದಿದ್ದರೆ, ಎಷ್ಟು ಮಾಡುತ್ತೇವೆ ಎಂದು ಕಂಪನಿ ಮಾತು ಕೊಟ್ಟಿದೆಯೇ ನೋಡಿಕೊಳ್ಳಿ.

ಬಾಕ್ಸ್, ವಾರಂಟಿ ಕಾರ್ಡ್, ಬಿಲ್, ಜೊತೆಗೆ ಬಂದ ಎರಡನೇ ಸ್ಟ್ರಾಪ್, ಎಲ್ಲ ಒಟ್ಟಿಗಿರಲಿ. ಸಾದಾ ವಾಚಿನ ಬಾಕ್ಸ್ ಬೇರೆ ಕಡೆ ಸಿಕ್ಕೀತು, ಕೂಟದ ಬಾಕ್ಸ್ ಸಿಗುವುದು ಕಷ್ಟ. ಕಾರ್ಡಿನ ನಂಬರ್ ವಾಚಿನ ನಂಬರಿಗೆ ಹೊಂದಲೇಬೇಕು. ಗೀರು ಹೋಗಲೆಂದು ಪಾಲಿಶ್ ಮಾಡಿಸಬೇಡಿ, ಕೆತ್ತನೆ ಸವೆಯುತ್ತದೆ. ಸರ್ವಿಸ್‌ಗೆ ಕೊಡುವಾಗ ಡಯಲ್, ಮುಳ್ಳು, ಹಿಂಬದಿ ಮುಚ್ಚಳ ಬದಲಿಸಬಾರದೆಂದು ಬರವಣಿಗೆಯಲ್ಲೇ ಹೇಳಿ. ಸಾದಾ ಡಯಲ್ ಕೂತರೆ ಅದು ಸಾದಾ ವಾಚೇ.

ಆಟಗಾರ ಕಟ್ಟಿದ್ದ ವಾಚ್ ಅಂತ ಯಾರಾದರೂ ಹೇಳಿದರೆ ಪುರಾವೆ ಕೇಳಿ. ನಟ, ರೇಸ್ ಚಾಲಕ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ಲಿಮಿಟೆಡ್ ಎಡಿಷನ್ನೇ ಅಲ್ಲ. ಆದರೂ 2017ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರ್ ದಾಟಿತು. ಪುರಾವೆಗೆ ಹೆಂಡತಿ ಕೆತ್ತಿಸಿದ್ದ ಸಾಲು ಹಿಂಬದಿಯಲ್ಲಿತ್ತು.

ಆ ಮೊತ್ತದಲ್ಲೂ ಒಂದು ಪಾಠವಿದೆ. ಕೊನೆಗೆ ಕೂಗಿದ ಬೆಲೆ 1 ಕೋಟಿ 55 ಲಕ್ಷ ಡಾಲರ್. ಉಳಿದದ್ದು ಹರಾಜು ಸಂಸ್ಥೆ ಕೊಂಡವರಿಂದ ಪಡೆಯುವ ಶುಲ್ಕ, ಮಾರುವವರ ಕೈಗೆ ಬರುವುದಲ್ಲ. ಜಾಹೀರಾತಿನಲ್ಲಿ ಹಾಕಿದ ಬೆಲೆಯಂತೂ ಬರೀ ಆಸೆ. ಮಾರಾಟವಾದ ಬೆಲೆಗಳನ್ನೇ ಹುಡುಕಿ, ಕಮಿಷನ್, ತೆರಿಗೆ, ವಿಮೆ ಸಹಿತ ಕಳಿಸುವ ಖರ್ಚು ಕಳೆಯಿರಿ. ಹೊಸ ಎಡಿಷನ್ ಬಿಡುಗಡೆಯಾದ ಕೂಡಲೇ ಲಾಭಕ್ಕೆ ಕೊಂಡವರೆಲ್ಲ ಒಟ್ಟಿಗೆ ಮಾರಲು ನಿಲ್ಲುತ್ತಾರೆ. ಅವಸರವಿಲ್ಲದಿದ್ದರೆ ಆ ಗುಂಪು ಕರಗುವವರೆಗೆ ನಿಮ್ಮದನ್ನು ಹೊರಗೆ ತೆಗೆಯಬೇಡಿ.