ಹೊಟ್ಟೆನೋವು ಅಂದವಳ ಜೊತೆ ಅವರೆಕಾಳು ಹಿತುಕಿದ್ದು

ಕಳೆದ ಡಿಸೆಂಬರಿನಲ್ಲಿ ಮಗಳಿಗೆ ಆರೂವರೆ ವರ್ಷ, ಒಂದನೇ ಕ್ಲಾಸು. ಬೆಳಿಗ್ಗೆ ಯೂನಿಫಾರ್ಮ್ ಹಾಕುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಶುರುವಾಗುತ್ತಿತ್ತು. ರಜೆ ದಿನ ಇರುತ್ತಿರಲಿಲ್ಲ. ಡಾಕ್ಟರ್ ನೋಡಿ, ಹೊಟ್ಟೆಯಲ್ಲಿ ತೊಂದರೆ ಏನಿಲ್ಲ, ಹಾಗಂತ ಅವಳು ಸುಳ್ಳು ಹೇಳುತ್ತಿಲ್ಲ ಅಂದರು. ಈ ವಯಸ್ಸಿನಲ್ಲಿ ಮನಸ್ಸಿನ ದಿಗಿಲು ಎಷ್ಟೋ ಸಲ ಹೊಟ್ಟೆನೋವಾಗಿಯೇ ಕಾಣಿಸಿಕೊಳ್ಳುತ್ತದಂತೆ.

ಸ್ಕೂಟರಿನಲ್ಲಿ ಕರೆದುಕೊಂಡು ಬರುವಾಗ ದಿನಾ ಕೇಳುತ್ತಿದ್ದೆ, "ಇವತ್ತು ಏನಾಯ್ತು ಪುಟ್ಟಾ?" "ಏನಿಲ್ಲ ಅಪ್ಪ." ಅಷ್ಟೇ. ಒಂದು ಸಲ ಮಾತ್ರ, ಗೆಳತಿ ಟೂ ಬಿಟ್ಟಿದ್ದಾಳೆ ಅಂದಳು. "ಹೋಗ್ಲಿ ಬಿಡು, ಬೇರೆ ಫ್ರೆಂಡ್ಸ್ ಇಲ್ವಾ?" ಅಂದುಬಿಟ್ಟೆ. ನಾನೇನೋ ಸಮಾಧಾನ ಮಾಡಿದೆ ಅಂದುಕೊಂಡೆ. ಅವಳಿಗೆ ಅದು 'ಇದೆಲ್ಲ ಹೇಳಬೇಡ' ಅಂದ ಹಾಗೆ ಕೇಳಿಸಿರಬೇಕು. ಎರಡು ವಾರ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟಿದ್ದು ಒಂದು ಭಾನುವಾರ. ಗಾಂಧಿ ಬಜಾರಿನಿಂದ ಸೊಗಡಿನ ಅವರೆಕಾಯಿ ತಂದಿದ್ದೆ. ಅಮ್ಮ ಕಾಳು ಬಿಡಿಸಿ ನೆನೆಹಾಕಿದ್ದರು. ನಾನು, ಮಗಳು ನೆಲದ ಮೇಲೆ ಪಾತ್ರೆ ಇಟ್ಟುಕೊಂಡು ಹಿತುಕಲು ಕೂತೆವು. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಜಾರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಅವಳ ಕಣ್ಣು ಬೇಳೆಯ ಮೇಲೆ, ನನ್ನ ಕಣ್ಣೂ ಬೇಳೆಯ ಮೇಲೆ. ನಾನು ಏನೂ ಕೇಳಲಿಲ್ಲ. ಹತ್ತು ನಿಮಿಷವಾದ ಮೇಲೆ ತಾನಾಗಿ ಶುರುಮಾಡಿದಳು. ಊಟದ ಹೊತ್ತಲ್ಲಿ ಆ ಗೆಳತಿ ಇನ್ನೊಬ್ಬಳ ಪಕ್ಕ ಕೂರುತ್ತಾಳೆ, ಇವಳಿಗೆ ಜಾಗ ಇಲ್ಲ ಅನ್ನುತ್ತಾಳೆ.

ನನಗೆ ಆ ಮಗುವಿನ ಅಮ್ಮನಿಗೆ ಆಗಲೇ ಫೋನ್ ಮಾಡೋಣ ಅನ್ನಿಸಿತು. ನಮ್ಮಮ್ಮ ಒಳಗಿಂದಲೇ ಕಣ್ಣಲ್ಲಿ ಬೇಡ ಅಂದರು. ಸುಮ್ನೆ ಕೇಳಿದೆ, "ಆಗ ನಿಂಗೆ ಹೇಗನ್ಸುತ್ತೆ?"

"ಬೇಜಾರು."

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಇದೊಂದೇ ಮಾತು. ಮಳೆ ಬಂದರೂ ಬೇಜಾರು, ಅಜ್ಜಿ ಊರಿಗೆ ಹೊರಟರೂ ಬೇಜಾರು. "ಕೋಪ ಬರುತ್ತಾ? ಅವಮಾನ ಆಗುತ್ತಾ? ಅವರಿಬ್ಬರು ನಕ್ಕಾಗ ಹೊಟ್ಟೆ ಉರಿಯುತ್ತಾ?" ಅಂತ ಒಂದೊಂದಾಗಿ ಕೇಳಿದೆ. ಕೈ ನಿಲ್ಲಿಸಿದಳು. "ಉರಿಯುತ್ತೆ. ಅದು ಕೆಟ್ಟದ್ದಾ?"

"ಅದಕ್ಕೆ ಹೊಟ್ಟೆಕಿಚ್ಚು ಅಂತಾರೆ. ನಂಗೂ ಆಗುತ್ತೆ. ಆಗೋದು ತಪ್ಪಲ್ಲ" ಅಂದೆ. ಮತ್ತೆ ಹಿತುಕತೊಡಗಿದಳು.

ಆಮೇಲೆ ನಾವು ಮಾಡಿದ್ದು ತುಂಬಾ ಸಣ್ಣ ಕೆಲಸ. ದಿನಾ ಸಂಜೆ ಐದು ನಿಮಿಷ ಆಟ. ನಾನು ಆ ಗೆಳತಿ, ಅವಳು ಅವಳೇ. "ನಾಳೆ ನಾನೂ ನಿಮ್ಮ ಜೊತೆ ಕೂತ್ಕೊಳ್ಳಾ?" ಅಂತ ಜೋರಾಗಿ ಕೇಳುವುದು. ನಾನು "ಬೇಡ" ಅಂದರೆ ಮುಂದೇನು ಮಾಡುವುದು ಅಂತಲೂ ಅಭ್ಯಾಸ ಮಾಡಿದೆವು. ಯಾಕೆಂದರೆ ನಿಜವಾಗಿಯೂ ಬೇಡ ಅನ್ನಬಹುದಲ್ವಾ? ಟೀಚರಿಗೆ ದೂರು ಕೊಡಲಿಲ್ಲ, ವಿಷಯ ಇಷ್ಟೇ ಹೇಳಿದೆ. ಅವರು ಇಬ್ಬರಿಗೂ ಸೇರಿ ನೋಟ್‌ಬುಕ್ ಹಂಚುವ ಕೆಲಸ ಕೊಟ್ಟರು. ರಾಜಿಯಾಗಲು ಮೂರು ವಾರ ಹಿಡಿಯಿತು. ಅದರ ಮೇಲೂ ಎರಡು ಸಲ ಟೂ ಆಗಿದೆ, ಈಗ ಅವಳೇ ನಿಭಾಯಿಸುತ್ತಾಳೆ.

ಒಂದು ಮಾತು ಹೇಳಲೇಬೇಕು. ಹೊಟ್ಟೆನೋವು ವಾರಗಟ್ಟಲೆ ನಿಲ್ಲದಿದ್ದರೆ, ನಿದ್ದೆ, ಊಟ ಕೆಟ್ಟರೆ, ಮನೆಮದ್ದಿನಲ್ಲೇ ಕಾಯಬೇಡಿ. ನಮ್ಮ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅವರೆ ಸೀಸನ್ ಮುಗಿದ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಾ ಕೂರುತ್ತೇವೆ. ಮೊನ್ನೆ ಸಂಜೆ ಆಫೀಸಿನಿಂದ ಬಂದು ಸುಮ್ಮನೆ ಕೂತಿದ್ದೆ. ಬೆಳ್ಳುಳ್ಳಿ ಬುಟ್ಟಿ ತಂದು ನನ್ನ ಮುಂದಿಟ್ಟಳು. ಏನೂ ಕೇಳಲಿಲ್ಲ. ನಾಲ್ಕು ಎಸಳು ಸುಲಿದ ಮೇಲೆ ನಾನೇ, "ಇವತ್ತು ಎಲ್ಲರ ಎದುರು ಬೈಸ್ಕೊಂಡೆ ಪುಟ್ಟಾ" ಅಂದೆ.

"ಕೋಪನಾ, ಅವಮಾನನಾ?" ಅಂದಳು.