ಭಾಗದ ಸಂಖ್ಯೆಯೇ ಪುಟದ ವಿಳಾಸ

ಶಿರಸಿಯ ನಮ್ಮ ವರ್ಕ್‌ಶಾಪಿನಲ್ಲಿ ಅಡಿಕೆ ಸುಲಿಯುವ ಯಂತ್ರ ತಯಾರಾಗುತ್ತದೆ. ಹಸಿ ಅಡಿಕೆಗೆ ಒಂದು ಮಾದರಿ, ಒಣಗಿದ ಚಾಲಿಗೆ ಇನ್ನೊಂದು. ಎರಡರ ಶಾಫ್ಟೂ ನೋಡಲು ಒಂದೇ, ಅಳತೆ ಬೇರೆ. ಕಂಪ್ಯೂಟರಿನಲ್ಲಿ ನಕ್ಷೆ, ಅದರಿಂದ, ಲೋಹವನ್ನು ತಾನಾಗಿ ಕಡೆಯುವ ಸಿಎನ್‌ಸಿ ಲೇಥಿಗೆ ಪ್ರೋಗ್ರಾಂ, ಇಷ್ಟು ಮೊದಲಿನಿಂದಲೂ ಇತ್ತು. ಆದರೆ ನಕ್ಷೆ ತಿದ್ದಿದ ಸುದ್ದಿ ಆಪರೇಟರಿಗೆ ಮುಟ್ಟುತ್ತಿದ್ದುದು ವಾಟ್ಸ್ಆ್ಯಪ್‌ನಲ್ಲಿ. ಅಲ್ಲಿ ಹಳೆಯ ಚಿತ್ರವೂ ಹೊಸದೂ ಒಟ್ಟಿಗೇ ಬಿದ್ದಿರುತ್ತಿದ್ದವು.

ಹಾಗಾಗಿ ಪ್ರತಿ ಬಿಡಿಭಾಗಕ್ಕೂ ಒಂದು ವೆಬ್ ಪುಟ ಮಾಡಿದೆ. ಭಾಗದ ಸಂಖ್ಯೆಯೇ ಪುಟದ ವಿಳಾಸ, ಲೇಥಿನ ಪ್ರೋಗ್ರಾಂ ಸಂಖ್ಯೆಯೂ ಅದೇ. ಮೂಲೆಯಲ್ಲಿ ಯುಪಿಎಸ್ ಕಟ್ಟಿಕೊಂಡು ಕುಳಿತ ಹಳೆಯ ಕಂಪ್ಯೂಟರೇ ಸರ್ವರ್. ಮಳೆಗಾಲದಲ್ಲಿ ಇಂಟರ್ನೆಟ್ ಹೋದರೂ ಒಳಗಿನ ವೈಫೈ ಸಾಕು. ಪ್ರತಿ ಕೆಲಸದ ಜೊತೆ ಹೋಗುವ ಜಾಬ್ ಕಾರ್ಡಿನಲ್ಲಿ ಅಳತೆ ಮುದ್ರಿಸುವುದನ್ನೇ ನಿಲ್ಲಿಸಿ ಕ್ಯೂಆರ್ ಕೋಡ್ ಮಾತ್ರ ಇಟ್ಟೆ. ಕಾಗದದಲ್ಲಿ ಅಳತೆಯೇ ಇಲ್ಲದ ಮೇಲೆ ಹಳೆಯ ಅಳತೆ ಉಳಿಯುವುದೆಲ್ಲಿ? ಈ ಕೋಡ್ ಹುಟ್ಟಿದ್ದೂ ಕಾರ್ಖಾನೆಯ ಕೆಲಸಕ್ಕೇ. 1994ರಲ್ಲಿ ಜಪಾನಿನ ಡೆನ್ಸೊ ಸಮೂಹದಲ್ಲಿ, ವಾಹನದ ಬಿಡಿಭಾಗಗಳ ಲೆಕ್ಕ ಇಡಲು. ದೋಷ ತಿದ್ದುವ ಗರಿಷ್ಠ ಮಟ್ಟದಲ್ಲಿ ಮುದ್ರಿಸಿದರೆ ಸುಮಾರು ಶೇ 30ರಷ್ಟು ಹಾಳಾದರೂ ಮೊಬೈಲ್ ಓದುತ್ತದೆ. ಕೂಲೆಂಟ್ (ಕೊರೆತ ತಂಪಾಗಿಸುವ ದ್ರವ) ಮೆತ್ತಿದ ಕೈಗಳ ನಡುವೆ ಅದಕ್ಕಿಂತ ಕಡಿಮೆ ಮಟ್ಟ ಸಾಲದು.

ಶಾಫ್ಟಿನ ಪುಟ ತೆರೆಯಿರಿ. 6205 ಮಾದರಿಯ ಬೇರಿಂಗ್ ಕೂರುವ ಜಾಗ 25.002ರಿಂದ 25.015 ಮಿ.ಮೀ. ಒಳಗಿರಬೇಕು. ಆ ಅಂಕಿಯನ್ನು ಮುಟ್ಟಿದರೆ ಮೈಕ್ರೊಮೀಟರ್ ಹಿಡಿಯುವ ರೀತಿ ಕಾಣುತ್ತದೆ, ಬೇರಿಂಗಿನ ಚಿತ್ರ ಮುಟ್ಟಿದರೆ ಅದನ್ನು ಕೂರಿಸುವ ಕ್ರಮ. ಅಳೆದದ್ದನ್ನು ಅಲ್ಲೇ ಬರೆಯಬೇಕು. ಮಿತಿ ದಾಟಿದರೆ ಕೋಷ್ಟಕ ಕೆಂಪಾಗುತ್ತದೆ, ನಕ್ಷೆ ಬಿಡಿಸುವವರ ಮೇಜಿನಲ್ಲೂ ಅದೇ ಕೆಂಪು.

ಹೆಚ್ಚು ತಲೆ ತಿಂದಿದ್ದು ವಿಡಿಯೊ. ಉಪನ್ಯಾಸದಂಥ ಉದ್ದದ ವಿಡಿಯೊವನ್ನು ಯಾರೂ ನೋಡುವುದಿಲ್ಲ; ಚಕ್‌ನ ಜಾ (ಲೋಹದ ತುಂಡನ್ನು ಹಿಡಿಯುವ ಹಲ್ಲು) ಬದಲಿಸುವುದಕ್ಕೆ ಒಂದು ತುಣುಕು, ಟೂಲ್ ಆಫ್‌ಸೆಟ್ (ಕೊರೆಯುವ ಉಳಿಯ ತುದಿ ಎಲ್ಲಿದೆ ಎಂಬ ಅಳತೆ) ಕೊಡುವುದಕ್ಕೆ ಇನ್ನೊಂದು. ಯಂತ್ರದ ಗದ್ದಲದಲ್ಲಿ ವಿವರಣೆ ಕೇಳಿಸುವುದಿಲ್ಲವಾದ್ದರಿಂದ ಧ್ವನಿ ತೆಗೆದು ಕನ್ನಡದಲ್ಲಿ ಅಡಿಬರಹ ಹಾಕಿದೆ. ಒಂದು ಕಡೆ ಮಾತ್ರ ಧ್ವನಿಯೇ ಮುಖ್ಯ. ಟೂಲ್ ನಡುಗತೊಡಗಿದರೆ ನಮ್ಮ ಹಿರಿಯ ಫಿಟ್ಟರ್ ಶಬ್ದದಲ್ಲೇ ಹೇಳಿಬಿಡುತ್ತಾರೆ. ಸರಿಯಾದ ಕೊರೆತದ ಸದ್ದು, ನಡುಗುವ ಕೊರೆತದ ಸದ್ದು ಎರಡನ್ನೂ ಅವರೆದುರೇ ರೆಕಾರ್ಡ್ ಮಾಡಿ ಪಕ್ಕಪಕ್ಕ ಇಟ್ಟೆ. ಕೆಳಗೆ ವೇಗ ಎಷ್ಟು ಇಳಿಸಬೇಕು, ಟೂಲ್ ಎಷ್ಟು ಹೊರಚಾಚಿರಬೇಕು ಎಂಬ ಕೊಂಡಿ. ಹೊಸ ಹುಡುಗರು ಎಲ್ಲಕ್ಕಿಂತ ಹೆಚ್ಚು ತೆರೆಯುವ ಪುಟ ಇದೇ. ಮೂರು ಆಯಾಮದ ತಿರುಗುವ ಚಿತ್ರಕ್ಕೆ ನಾನು ಸುರಿದ ಶ್ರಮವನ್ನು ಯಾರೂ ಕೇಳಲಿಲ್ಲ ಬಿಡಿ.

ಈಗ ಯಂತ್ರ ಕೊಳ್ಳುವ ಬೆಳೆಗಾರರ ಮೊಬೈಲಿಗೆ ಬಿಡಿಸಿಟ್ಟ ಭಾಗಗಳ ಚಿತ್ರವನ್ನು ಇಲ್ಲೇ ತುಂಬಿ ಕಳಿಸುತ್ತೇವೆ, ಘಟ್ಟದ ತೋಟಗಳಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಸವೆದ ಬ್ಲೇಡನ್ನು ಮುಟ್ಟಿದರೆ ಅದರ ಸಂಖ್ಯೆ ಬರುತ್ತದೆ. ಫೋನಿನಲ್ಲಿ ಅವರು ಆ ಸಂಖ್ಯೆ ಹೇಳಿದರೆ ನಾನು ಕಪಾಟಿನಿಂದ ಎತ್ತುವುದು, ಇಲ್ಲದಿದ್ದರೆ ಲೇಥಿಗೆ ಕರೆಯುವುದು ಅದೇ ಸಂಖ್ಯೆಯನ್ನು.