ದೋಣಿ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆಯೇ? ಕಾರ್ಬರೇಟರ್ ಬಿಚ್ಚುವ ಮೊದಲು ಇಷ್ಟು ನೋಡಿ

ನನ್ನ ಭಾವನ ದೋಣಿಗೆ 9.9 ಎಚ್‌ಪಿ ಎಂಜಿನ್. ಕಳೆದ ವರ್ಷ ಅದು ದಿಢೀರನೆ ಪೆಟ್ರೋಲ್ ಜಾಸ್ತಿ ಕುಡಿಯಲು ಶುರು ಮಾಡಿತು. ಭಾವ ಮೂರು ವಾರದಲ್ಲಿ ಮೂರು ಸಲ ಕಾರ್ಬರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಬಿಚ್ಚಿಸಿದರು. ಅದಕ್ಕೆ ಹೊಸ ರಿಪೇರಿ ಕಿಟ್ ಹಾಕಿಸಿದರು. ಕೊನೆಗೆ ಒಬ್ಬ ಮೆಕ್ಯಾನಿಕ್ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ಟನ್ನೇ ಬದಲಿಸಿಕೊಟ್ಟ. ಖರ್ಚು ಇಳಿಯಲೇ ಇಲ್ಲ. ತೊಂದರೆ ಇದ್ದದ್ದು ಕಾರ್ಬರೇಟರ್‌ನಲ್ಲಿ ಅಲ್ಲ, ನೀರಿನಡಿ ತಿರುಗುವ ಫ್ಯಾನ್‌ನಲ್ಲಿ.

ನಮ್ಮ ಕಾಸರಗೋಡು ಕರಾವಳಿಯಲ್ಲಿ ಕೊಯಿಪ್ಪಾಡಿಯಿಂದ ಮಂಜೇಶ್ವರದವರೆಗೆ ಇಂಥದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂದ ಕೂಡಲೇ ಎಲ್ಲರ ಕೈ ಕಾರ್ಬರೇಟರ್ ಸ್ಕ್ರೂ ಮೇಲೆ ಹೋಗುತ್ತದೆ. ಆ ಸ್ಕ್ರೂ ಮುಟ್ಟುವುದು ಕೊನೆಯ ಕೆಲಸ. ಮೊದಲನೆಯದು ಅಳತೆ.

ಅಳತೆ ಮಾಡುವುದು ಹೀಗೆ

ಗಾಳಿ ಇಲ್ಲದ ಬೆಳಿಗ್ಗೆ ಹೊಳೆಗೆ ಹೋಗಿ. ಚಂದ್ರಗಿರಿ, ಶಿರಿಯಾ, ಮೊಗ್ರಾಲ್, ಯಾವುದಾದರೂ ಸರಿ. ಅಳಿವೆಯಾಚೆಗೆ ಬೇಡ, ಅಲೆಯಲ್ಲಿ ಲೆಕ್ಕ ಸಿಗುವುದಿಲ್ಲ. ದಡದಲ್ಲೇ ಟ್ಯಾಂಕಿಗೆ ಪೆಟ್ರೋಲ್ ತುಂಬಿಸಿ, ಮಟ್ಟ ಎಲ್ಲಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಹಾಕಿ. ನೀವು ದಿನಾ ಓಡಿಸುವ ಥ್ರಾಟಲ್‌ನಲ್ಲೇ ಅರ್ಧ ಗಂಟೆ ಮೇಲಕ್ಕೆ, ಅರ್ಧ ಗಂಟೆ ಕೆಳಕ್ಕೆ ಓಡಿಸಿ. ಎರಡೂ ಕಡೆ ಓಡಿಸಲೇಬೇಕು. ಇಲ್ಲದಿದ್ದರೆ ಉಬ್ಬರ ಇಳಿತದ ಸೆಳೆತ ಲೆಕ್ಕ ಕೆಡಿಸುತ್ತದೆ. ದೂರವನ್ನು ಫೋನಿನ ಜಿಪಿಎಸ್ ಹೇಳುತ್ತದೆ. ವಾಪಸ್ ಬಂದು ಟ್ಯಾಂಕನ್ನು ಮೊದಲಿನ ಜಾಗದಲ್ಲೇ ಸಮವಾಗಿ ಇಟ್ಟು, ಅಳತೆ ಜಾರ್‌ನಿಂದ ಗೆರೆಯವರೆಗೆ ಮತ್ತೆ ತುಂಬಿಸಿ. ಎಷ್ಟು ಹಿಡಿಯಿತೋ ಅಷ್ಟು ಖರ್ಚು. ಹತ್ತಿರ ಬೀಡಿ ಸಿಗರೇಟು ಬೇಡ.

ಈಗ ಎರಡು ಲೆಕ್ಕ ಬರೆದುಕೊಳ್ಳಿ. ಗಂಟೆಗೆ ಎಷ್ಟು ಲೀಟರ್? ಗಂಟೆಗೆ ಎಷ್ಟು ಕಿಲೋಮೀಟರ್? 9.9 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 4ರಿಂದ 5 ಲೀಟರ್ ಕುಡಿಯುತ್ತದೆ. ಅದು ಅದರ ಹಸಿವು, ರೋಗ ಅಲ್ಲ.

ಲೀಟರ್ ಮೊದಲಿನಷ್ಟೇ ಇದ್ದು ಕಿಲೋಮೀಟರ್ ಕಡಿಮೆ ಆಗಿದ್ದರೆ ತೊಂದರೆ ನೀರಿನಲ್ಲಿದೆ: ದೋಣಿಯ ಅಡಿ, ಫ್ಯಾನ್, ಎಂಜಿನ್ ಕೂರಿಸಿದ ಎತ್ತರ. ಕಿಲೋಮೀಟರ್ ಅಷ್ಟೇ ಇದ್ದು ಲೀಟರ್ ಏರಿದ್ದರೆ ತೊಂದರೆ ಎಂಜಿನ್ನಿನಲ್ಲಿ. ಒಂದು ಅಪವಾದ: ಎರಡು ಸಿಲಿಂಡರ್‌ನ ಎಂಜಿನ್ನಿನಲ್ಲಿ ಒಂದು ಪ್ಲಗ್ ಸತ್ತರೆ ದೋಣಿ ನಿಧಾನವಾಗುತ್ತದೆ, ಆ ಸಿಲಿಂಡರ್‌ಗೆ ಹೋದ ಪೆಟ್ರೋಲ್ ಸುಮ್ನೆ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಹಾಗಾಗಿ ಎರಡೂ ಪ್ಲಗ್‌ನಲ್ಲಿ ಕಿಡಿ ಬರುತ್ತಿದೆಯೇ ಅಂತ ಮೊದಲೇ ನೋಡಿಕೊಳ್ಳಿ.

ನೀರಿನಡಿಯ ತೊಂದರೆ

ಅಡಿ ತೊಳೆಯಿರಿ. ಹೊಳೆಯಲ್ಲೇ ಕಟ್ಟಿಟ್ಟ ದೋಣಿಗೆ ಪಾಚಿ, ಚಿಪ್ಪು ಬೇಗ ಹಿಡಿಯುತ್ತದೆ. ಒಳಗೆ ನಿಂತ ನೀರನ್ನೂ ಎತ್ತಿ ಚೆಲ್ಲಿ. 100 ಲೀಟರ್ ನೀರು ಅಂದರೆ 100 ಕಿಲೋ ತೂಕ ಅಲ್ವಾ?

ಎತ್ತರ ನೋಡಲು ಒಂದು ನೇರ ರೀಪು ಸಾಕು. ದೋಣಿಯ ಅಡಿಗೆ ಒತ್ತಿ ಹಿಂದಕ್ಕೆ ಚಾಚಿ. ಫ್ಯಾನ್‌ನ ಮೇಲಿರುವ ಚಪ್ಪಟೆ ತಟ್ಟೆ ಆ ರೀಪಿಗೆ ಸಮನಾಗಿ ಅಥವಾ ಒಂದೆರಡು ಸೆಂಟಿಮೀಟರ್ ಕೆಳಗೆ ಇರಬೇಕು. ಎಂಜಿನ್ ಕಾಲು ಹೆಚ್ಚಾಗಿ 15 ಇಂಚು, 20 ಇಂಚು ಎಂದು ಎರಡು ಅಳತೆಯಲ್ಲಿ ಬರುತ್ತದೆ. ದೋಣಿಯ ಹಿಂಬದಿಯ 15 ಇಂಚಿನ ಹಲಗೆಗೆ 20 ಇಂಚಿನ ಎಂಜಿನ್ ತೂಗುಹಾಕಿದರೆ 5 ಇಂಚು ಕಾಲು ಸುಮ್ನೆ ನೀರನ್ನು ಎಳೆಯುತ್ತಿರುತ್ತದೆ. ಹಲಗೆಯ ಮೇಲೆ ಗಟ್ಟಿ ಮರದ ತುಂಡು ಕೂರಿಸಿ, ಬೋಲ್ಟ್ ಹಾಕಿ ಎತ್ತರಿಸಿ. ಬರೀ ಮೊಳೆ ಹೊಡೆದು ಬಿಡಬೇಡಿ, ಎಂಜಿನ್ ಕಳಚಿ ಹೊಳೆಗೆ ಬೀಳುತ್ತದೆ.

ಇನ್ನು ಫ್ಯಾನ್. ಜನ ಎಡವುವುದು ಇಲ್ಲೇ. ರೆಕ್ಕೆ ಬಾಗಿದ್ದರೆ, ತುದಿ ಮುರಿದಿದ್ದರೆ ಕಣ್ಣಿಗೆ ಕಾಣುತ್ತದೆ. ಕಾಣದ ರೋಗ ಬೇರೆ ಇದೆ. ಫ್ಯಾನ್‌ನ ಹೊಟ್ಟೆಯಲ್ಲಿ ಒಂದು ರಬ್ಬರ್ ಬುಷ್ ಇರುತ್ತದೆ. ಒಳಗೆ ಶಾಫ್ಟ್‌ಗೆ ಕೂರುವ ಹಲ್ಲಿನ ಕೊಳವೆ, ಹೊರಗೆ ರೆಕ್ಕೆಗಳು, ನಡುವೆ ಈ ರಬ್ಬರ್. ಫ್ಯಾನ್ ಕಲ್ಲಿಗೆ ಬಡಿದಾಗ ಗೇರ್ ಒಡೆಯದಿರಲಿ ಎಂದು ಇದನ್ನು ಇಟ್ಟಿದ್ದಾರೆ. ಎರಡು ಮೂರು ಸಲ ಮರಳದಿಬ್ಬಕ್ಕೆ ಬಡಿದರೆ ರಬ್ಬರಿನ ಹಿಡಿತ ಸಡಿಲವಾಗುತ್ತದೆ. ಆಮೇಲೆ ಎಂಜಿನ್ ಜೋರಾಗಿ ಕೂಗುತ್ತದೆ, ದೋಣಿ ಮಾತ್ರ ಅಷ್ಟು ಓಡುವುದಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ ಗಟ್ಟಿಯಾಗೇ ಇರುತ್ತದೆ. ಭಾರ ಬಿದ್ದಾಗ ಮಾತ್ರ ಜಾರುತ್ತದೆ. ಅದಕ್ಕೇ ಭಾವನ ದೋಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಪತ್ತೆ ಮಾಡುವುದು ಹೀಗೆ. ಎಂಜಿನ್ ಆಫ್ ಮಾಡಿ, ಕಿಲ್ ಸ್ವಿಚ್‌ನ (ಎಂಜಿನ್ ತಕ್ಷಣ ನಿಲ್ಲಿಸುವ ಸ್ವಿಚ್) ಕ್ಲಿಪ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಪ್ಲಗ್ ವಯರ್‌ಗಳನ್ನೂ ಕಳಚಿ. ಇದನ್ನು ಬಿಡಬೇಡಿ, ಫ್ಯಾನ್ ಕೈಯಲ್ಲಿ ತಿರುಗಿಸುವಾಗ ಎಂಜಿನ್ ಸ್ಟಾರ್ಟ್ ಆಗಿಬಿಟ್ಟರೆ ಬೆರಳು ಉಳಿಯುವುದಿಲ್ಲ. ನಟ್ಟಿಗೆ ಅಡ್ಡ ಹಾಕಿದ ಪಿನ್ ನೇರ ಮಾಡಿ ಎಳೆದು, ನಟ್ಟು ಬಿಚ್ಚಿ, ಫ್ಯಾನ್ ಹೊರಗೆ ತೆಗೆಯಿರಿ. ಹಿಂಬದಿಯನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ ಒಣಗಿಸಿ. ಒಳಗಿನ ಕೊಳವೆ, ರಬ್ಬರ್, ಹೊರಗಿನ ಲೋಹ, ಈ ಮೂರರ ಮೇಲೂ ಹಾಯುವಂತೆ ನೈಲ್ ಪಾಲಿಷ್‌ನಿಂದ ಒಂದು ನೇರ ಗೆರೆ ಎಳೆಯಿರಿ. ಬಿಳಿ ಅಥವಾ ಕೆಂಪು ಇರಲಿ. ಚೆನ್ನಾಗಿ ಒಣಗಲಿ. ಶಾಫ್ಟ್‌ಗೆ ಗ್ರೀಸ್ ಹಚ್ಚಿ ಫ್ಯಾನ್ ಮತ್ತೆ ಹಾಕಿ. ಪಿನ್ ಹೊಸದೇ ಹಾಕಿ, ಹಳೆಯದನ್ನು ಬಗ್ಗಿಸಿ ಬಗ್ಗಿಸಿ ಬಳಸಬೇಡಿ. ಇಬ್ಬರನ್ನು ಕೂರಿಸಿಕೊಂಡು ಹತ್ತು ನಿಮಿಷ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ. ದಡಕ್ಕೆ ಬಂದು ಮೊದಲಿನ ಹಾಗೇ ಎಂಜಿನ್ ಆಫ್ ಮಾಡಿ, ಕ್ಲಿಪ್, ವಯರ್ ತೆಗೆದು ಫ್ಯಾನ್ ಬಿಚ್ಚಿ ನೋಡಿ. ಗೆರೆ ನೇರವಾಗಿದ್ದರೆ ಬುಷ್ ಸರಿ ಇದೆ. ಭಾವನ ಫ್ಯಾನ್‌ನಲ್ಲಿ ಒಳಗಿನ ತುಂಡು ಗೆರೆ ಒಂದು ಕಡೆ, ಹೊರಗಿನದು ಅದರ ಎದುರು ಕಡೆ ಇತ್ತು. ಅರ್ಧ ಸುತ್ತು ಜಾರಿತ್ತು.

ಫ್ಯಾನ್ ಕಳಚಿದ ಹೊತ್ತಿನಲ್ಲೇ ಶಾಫ್ಟ್ ಬುಡ ನೋಡಿ. ಗಾಳದ ನೂಲು, ಬಲೆಯ ಎಳೆ ಸುತ್ತಿಕೊಂಡಿದ್ದರೆ ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ಬಿಟ್ಟರೆ ಅದು ಆಯಿಲ್ ಸೀಲ್ ಕೊರೆದು ಗೇರ್ ಬಾಕ್ಸಿಗೆ ಉಪ್ಪುನೀರು ಬಿಡುತ್ತದೆ.

ಹೊಸ ಫ್ಯಾನ್ ತರುವುದಾದರೆ ಪಿಚ್ (ಒಂದು ಸುತ್ತಿಗೆ ಫ್ಯಾನ್ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಅಳತೆ) ನೋಡಿ ತನ್ನಿ. ಪಿಚ್ ಒಂದು ಇಂಚು ಹೆಚ್ಚಿದರೆ ಎಂಜಿನ್ ಸುತ್ತು ಸುಮಾರು 150ರಿಂದ 200 ಇಳಿಯುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಬರಬೇಕು ಎಂದು ಎಂಜಿನ್ ಜೊತೆ ಬಂದ ಪುಸ್ತಕದಲ್ಲಿದೆ. ಪ್ಲಗ್ ವಯರ್‌ಗೆ ಸುತ್ತುವ ಸಣ್ಣ ಮೀಟರ್‌ನಲ್ಲಿ ಅಳೆದು ನೋಡಬಹುದು. ಅಗ್ಗದ ನಕಲಿ ಫ್ಯಾನ್ ತರಬೇಡಿ, ಅದರ ಮೂರು ರೆಕ್ಕೆ ಮೂರು ತರ ಇರುತ್ತದೆ.

ತೊಂದರೆ ಎಂಜಿನ್ನಿನಲ್ಲಿದ್ದರೆ

ಮೊದಲು ಸೋರಿಕೆ. ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಗಟ್ಟಿಯಾಗುವವರೆಗೆ ಹಿಸುಕಿ, ಐದು ನಿಮಿಷ ಬಿಡಿ. ಮೆತ್ತಗಾದರೆ ಎಲ್ಲೋ ಸೋರುತ್ತಿದೆ. ಕಾರ್ಬರೇಟರ್ ಬಾಯಲ್ಲಿ ತೊಟ್ಟಿಕ್ಕಿದರೆ ಒಳಗಿನ ಫ್ಲೋಟ್ ಸೂಜಿ ಸವೆದಿದೆ. ಟೂ ಸ್ಟ್ರೋಕ್‌ನಲ್ಲಿ ಫ್ಯೂಯಲ್ ಪಂಪಿನ ತೆಳ್ಳಗಿನ ಪೊರೆಯನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತಿದ್ದರೂ ಪೆಟ್ರೋಲ್ ನೇರ ಎಂಜಿನ್ ಒಳಗೆ ಹೋಗುತ್ತದೆ. ಸ್ಟಾರ್ಟ್ ಮಾಡುವಾಗ ಗಾಳಿ ತಡೆಯುವ ಚೋಕ್ ಆಮೇಲೆ ಪೂರ್ತಿ ತೆರೆಯುತ್ತದೆಯೇ ಅಂತಲೂ ನೋಡಿ. ಉಪ್ಪು ಹಿಡಿದ ಕೇಬಲ್ ಅರ್ಧಕ್ಕೇ ನಿಲ್ಲುತ್ತದೆ.

ಪ್ಲಗ್ ಬಣ್ಣ ನೋಡುವುದರಲ್ಲೂ ತಪ್ಪಾಗುತ್ತದೆ. ನಿಧಾನವಾಗಿ ದಡಕ್ಕೆ ಬಂದು ಪ್ಲಗ್ ಬಿಚ್ಚಿದರೆ ಕಪ್ಪಗೇ ಕಾಣುತ್ತದೆ, ಅದು ನಿಧಾನ ಓಟದ ಮಸಿ. ಪೂರ್ತಿ ಥ್ರಾಟಲ್‌ನಲ್ಲಿ ಓಡುತ್ತಿರುವಾಗಲೇ, ಹಿಂದೆ ಮುಂದೆ ಯಾವ ದೋಣಿಯೂ ಇಲ್ಲದ ಕಡೆ ಕಿಲ್ ಸ್ವಿಚ್ ಎಳೆಯಿರಿ. ಅಲ್ಲೇ ಪ್ಲಗ್ ತೆಗೆಯಿರಿ, ಬಿಸಿ ಇರುತ್ತದೆ, ಬಟ್ಟೆ ಹಿಡಿದುಕೊಳ್ಳಿ. ಕಾಫಿ ಪುಡಿ ಬಣ್ಣ ಇದ್ದರೆ ಒಳ್ಳೆಯದು. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಬರುತ್ತಿದೆ. ಬಿಳುಚಿಕೊಂಡಿದ್ದರೆ ಕಡಿಮೆ ಬರುತ್ತಿದೆ. ಹಾಗೆ ಓಡಿಸಿದರೆ ಪಿಸ್ಟನ್ ಸುಡುತ್ತದೆ.

ಥರ್ಮೋಸ್ಟಾಟ್ (ಎಂಜಿನ್ ಬಿಸಿ ಆಗುವವರೆಗೆ ತಂಪು ನೀರನ್ನು ತಡೆಯುವ ಭಾಗ) ಇರುವ ಮಾಡೆಲ್ ಆದರೆ ಅದನ್ನು ಬಿಚ್ಚಿ ನೋಡಿ. ತಣ್ಣಗಿರುವಾಗ ಅದರ ಬಾಯಿ ಮುಚ್ಚಿರಬೇಕು. ಉಪ್ಪು ಕಟ್ಟಿ ತೆರೆದೇ ನಿಂತಿದ್ದರೆ ಎಂಜಿನ್ ಬಿಸಿಯೇ ಆಗುವುದಿಲ್ಲ, ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಕೆಲವರು ಅದನ್ನು ಕಿತ್ತೇ ಬಿಸಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲಿಗೆ ಬೆರೆಸುವ ಆಯಿಲ್ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಎಂದು ಬರೆದಿರಬೇಕು, ಅದು ದೋಣಿ ಎಂಜಿನ್ ಆಯಿಲ್‌ನ ಗುರುತು. ಬೈಕಿನ 2ಟಿ ಆಯಿಲ್ ನೀರಿನಿಂದ ತಂಪಾಗುವ ಎಂಜಿನ್‌ಗೆ ಅಲ್ಲ, ಬೂದಿ ಕಟ್ಟುತ್ತದೆ. ಪುಸ್ತಕದಲ್ಲಿ 50:1 ಎಂದಿದ್ದರೆ 10 ಲೀಟರ್ ಪೆಟ್ರೋಲಿಗೆ 200 ಮಿಲಿ, ಅದನ್ನೂ ಅಳೆದೇ ಹಾಕಿ. ಅಂಗಡಿಯಲ್ಲಿ ಸಿಗುವ ಮೈಲೇಜ್ ಬಾಟಲಿ, ಪೈಪಿಗೆ ಸುತ್ತುವ ಅಯಸ್ಕಾಂತ, ಇವುಗಳಿಗೆ ಒಂದು ರೂಪಾಯಿಯೂ ಕೊಡಬೇಡಿ.

ಚಿಮಿಣಿ ಎಣ್ಣೆಯಲ್ಲಿ ಓಡುವ ಎಂಜಿನ್ ಆದರೆ ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ಬದಲಿಸಿ ಕೆಲವು ನಿಮಿಷ ಓಡಿಸಿ. ಕಾರ್ಬರೇಟರ್‌ನಲ್ಲಿ ಚಿಮಿಣಿ ಎಣ್ಣೆ ಉಳಿದರೆ ಮರುದಿನ ಎಳೆದೆಳೆದು ಕೈ ಸೋಲುತ್ತದೆ, ಪ್ಲಗ್ ಒದ್ದೆಯಾಗುತ್ತದೆ. ಪೆಟ್ರೋಲ್ ಎಂಜಿನ್‌ಗೆ ಅದನ್ನು ಬೆರೆಸುವುದು ಉಳಿತಾಯ ಅಲ್ಲ, ಮಸಿ ಕಟ್ಟುತ್ತದೆ ಅಷ್ಟೇ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆದ್ದರಿಂದ ಖರ್ಚು ಸ್ವಲ್ಪ ಏರುವುದು ಸಹಜ, ಎಂಜಿನ್ನಿನ ತಪ್ಪಲ್ಲ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ದೋಣಿ ಮೇಲೆ ಎಳೆದಿಟ್ಟಿದ್ದರೆ ಟ್ಯಾಂಕಿನ ಹಳೆಯ ಪೆಟ್ರೋಲ್ ಬಳಸಬೇಡಿ.

ಇಷ್ಟೆಲ್ಲ ಸರಿ ಇದ್ದೂ ಪ್ಲಗ್ ಕಪ್ಪಗೇ ಬಂದರೆ ಮಾತ್ರ ಕಾರ್ಬರೇಟರ್ ಬಿಚ್ಚಿಸಿ. ಜೆಟ್ಟಿನ ತೂತಿಗೆ ತಂತಿ ಹಾಕಿ ಕೆರೆಯಲು ಬಿಡಬೇಡಿ, ತೂತು ದೊಡ್ಡದಾದರೆ ಖರ್ಚು ಇನ್ನೂ ಏರುತ್ತದೆ. ಕ್ಲೀನರ್ ಸ್ಪ್ರೇ, ಗಾಳಿ ಸಾಕು.

ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿ. ಮಾಡಿದ ಮೇಲೆ ಅದೇ ಹೊಳೆಯಲ್ಲಿ, ಅದೇ ಥ್ರಾಟಲ್‌ನಲ್ಲಿ ಮತ್ತೆ ಅಳೆಯಿರಿ. ಫ್ಯಾನ್ ಬದಲಿಸಿದ ದಿನ ಭಾವ ಲೀಟರ್, ಕಿಲೋಮೀಟರ್ ಎರಡನ್ನೂ ಟ್ಯಾಂಕಿನ ಮುಚ್ಚಳದ ಪಕ್ಕ ಪೇಂಟಿನಲ್ಲಿ ಬರೆದಿಟ್ಟರು. ಈಗ ತಿಂಗಳಿಗೊಮ್ಮೆ ಅಳೆದು ಅದರ ಕೆಳಗೇ ಬರೆಯುತ್ತಾರೆ.